ಚಳಿಗಾಲ ಪೂರ್ತಿ ಬೀಗ ಹಾಕಿದ್ದ ಬೆಟ್ಟದ ಮನೆ, ಡ್ರಾಯರ್ ತುಂಬ ಇಲಿ ಹಿಕ್ಕೆ: ಹಂಟಾವೈರಸ್ ತಗುಲದ ಹಾಗೆ ಕ್ಲೀನ್ ಮಾಡೋದು ಹೇಗೆ?

ಕಾಡುಮಲ್ಲಿಗೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಜಾಗ ಕೊಲರಾಡೊದ ನೈಋತ್ಯ ಮೂಲೆ, ಡುರಾಂಗೊ ಊರಿನ ಮೇಲಿನ ಬೆಟ್ಟ, ಸುಮಾರು 8,000 ಅಡಿ ಎತ್ತರ. ಮರದ ಮನೆ, ನೆಲದ ಕೆಳಗೆ ಎರಡಡಿ ಕ್ರಾಲ್ ಸ್ಪೇಸ್, ಅಂದರೆ ತೆವಳಿ ಹೋಗುವಷ್ಟೇ ಜಾಗ. ಅಕ್ಟೋಬರ್‌ನಿಂದ ಬೀಗ ಹಾಕಿತ್ತು.

ಅಡುಗೆಮನೆಯ ಮೂರು ಡ್ರಾಯರ್, ಸಿಂಕ್ ಕೆಳಗೆ, ಒಲೆ ಹಿಂದೆ ಎಲ್ಲ ಕಡೆ ಹಿಕ್ಕೆ. ಒಂದು ಹಾಸಿಗೆಯನ್ನು ಕಚ್ಚಿ ಒಳಗಿನ ಹತ್ತಿ ಎಳೆದು ಗೂಡು ಕಟ್ಟಿವೆ. ಪುಸ್ತಕ ತುಂಬಿದ ರಟ್ಟಿನ ಪೆಟ್ಟಿಗೆಗಳ ಮೇಲೂ ಇದೆ. ಶೆಡ್‌ನಲ್ಲಿ ನಿಲ್ಲಿಸಿದ್ದ ಎಸ್‌ಯುವಿಯ ಬ್ಲೋಯರ್ ಹಾಕಿದರೆ ಕೆಟ್ಟ ವಾಸನೆ. ಸತ್ತ ಇಲಿ ಒಂದು ಸಿಕ್ಕಿದೆ: ಬೆನ್ನು ಕಂದು, ಹೊಟ್ಟೆ ಬಿಳಿ, ಕಣ್ಣು ಕಿವಿ ಎರಡೂ ದೊಡ್ಡವು.

ಗೊತ್ತಿಲ್ಲದೆ ಭಾನುವಾರ ಅಡುಗೆಮನೆ ಅರ್ಧ ಪೊರಕೆಯಲ್ಲಿ ಗುಡಿಸಿಯಾಗಿದೆ. ಹತ್ತು ನಿಮಿಷ, ಮಾಸ್ಕ್ ಇಲ್ಲ, ಕಿಟಕಿ ಮುಚ್ಚಿತ್ತು. ಮುಂದಿನ ತಿಂಗಳು ಮೈಸೂರಿನಿಂದ ಅತ್ತೆ-ಮಾವ ಬರುವವರಿದ್ದಾರೆ, ಏಳು ವರ್ಷದ ಮಗು ಇದೆ. ಉಳಿದದ್ದನ್ನು ಹೇಗೆ ಕ್ಲೀನ್ ಮಾಡಬೇಕು? ಗುಡಿಸಿದ ಮೇಲೆ ಈಗ ಏನಾದರೂ ಮಾತ್ರೆ ತಗೋಬೇಕಾ? ಊರಲ್ಲಿ ಇಲಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಮನೆಯಲ್ಲಿದೆ.

ಹೊಂಗೆನೆರಳು:

ಮೊದಲು ಪೊರಕೆ ಕೆಳಗಿಡಿ. ಮುಚ್ಚಿದ ಮನೆ ಬಾಗಿಲು ತೆಗೆದ ಕೂಡಲೇ ಗುಡಿಸೋದು ನಮ್ಮೆಲ್ಲರ ಕೈಗೆ ಅಂಟಿದ ಅಭ್ಯಾಸ. ಇಲಿಯಿಂದ ತಗುಲಿ ಶ್ವಾಸಕೋಶ ಕೆಡಿಸುವ ಈ ಹಂಟಾವೈರಸ್ ಕಾಯಿಲೆಯಲ್ಲಿ ಅದೇ ಅಪಾಯದ ಕೆಲಸ.

ನೀವು ಹೇಳಿದ ಗುರುತು ಡೀರ್ ಮೌಸ್ ಅನ್ನುವ ಇಲ್ಲಿನ ಕಾಡಿಲಿಯದು. ಸತ್ತದ್ದರ ಬಾಲ ದೂರದಿಂದಲೇ ನೋಡಿ. ಮೇಲೆ ಗಾಢ, ಕೆಳಗೆ ಬಿಳಿ, ನಡುವೆ ಗೆರೆ ಎಳೆದ ಹಾಗಿದ್ದರೆ ಅದೇ. ಮೈಯೆಲ್ಲ ಒಂದೇ ಬೂದು ಬಣ್ಣದ ಸಾಮಾನ್ಯ ಮನೆ ಇಲಿ ಈ ವೈರಸ್ ಹೊರುವುದಿಲ್ಲ. ಡೀರ್ ಮೌಸ್ ಬದುಕಿರುವಷ್ಟು ಕಾಲ ಹೊತ್ತು ತಿರುಗುತ್ತದೆ, ಅದಕ್ಕೆ ಏನೂ ಆಗುವುದಿಲ್ಲ. ಉಚ್ಚೆ, ಹಿಕ್ಕೆ, ಜೊಲ್ಲು ಮೂರರಲ್ಲೂ ಹೊರಗೆ ಬಿಡುತ್ತದೆ. ಅದು ಒಣಗಿ ಪುಡಿಯಾಗಿ ಗಾಳಿಗೆ ಎದ್ದಾಗ ನಮ್ಮ ಉಸಿರಿಗೆ ಸೇರುತ್ತದೆ. ಪೊರಕೆಯ ಒಂದು ಎಳೆತಕ್ಕೆ ಎದ್ದ ಸಣ್ಣ ಧೂಳು ಕಣ್ಣಿಗೆ ಕಾಣದಿದ್ದರೂ ಬಹಳ ಹೊತ್ತು ತೇಲುತ್ತಿರುತ್ತದೆ.

ನಿಮ್ಮ ಮನೆ ಇರುವುದು ಈ ಕಾಯಿಲೆ ಮೊದಲು ಗುರುತಿಗೆ ಬಂದ ಸೀಮೆಯಲ್ಲೇ. 1993ರ ಮೇ ತಿಂಗಳಲ್ಲಿ ನ್ಯೂ ಮೆಕ್ಸಿಕೊ, ಅರಿಜೋನಾ, ಕೊಲರಾಡೊ, ಯೂಟಾ ನಾಲ್ಕೂ ಸೇರುವ ಫೋರ್ ಕಾರ್ನರ್ಸ್‌ನಲ್ಲಿ ಗಟ್ಟಿಮುಟ್ಟಾಗಿದ್ದ ಯುವಕರು, ಮುಖ್ಯವಾಗಿ ಅಲ್ಲಿನ ಮೂಲನಿವಾಸಿಗಳಾದ ನವಾಹೊ ಜನ, ಜ್ವರ ಬಂದ ಕೆಲವೇ ದಿನಕ್ಕೆ ಉಸಿರು ಕಟ್ಟಿ ಸತ್ತರು. ಅದಕ್ಕೆ ಹಿಂದೆ ಎಲ್ ನಿನ್ಯೊದಿಂದ ಮಳೆ-ಹಿಮ ಚೆನ್ನಾಗಿ ಬಿದ್ದು ಪಿನ್ಯೊನ್ ಪೈನ್ ಮರದ ಕಾಯಿ ಯಥೇಚ್ಛ ಬಿಟ್ಟಿತ್ತು, ತಿಂದ ಇಲಿಗಳು ಎಲ್ಲೆಂದರಲ್ಲಿ ಹೆಚ್ಚಿದ್ದವು. ಆ ವರ್ಷ ಹಿಡಿದು ಪರೀಕ್ಷಿಸಿದ ಡೀರ್ ಮೌಸ್‌ಗಳಲ್ಲಿ ಸುಮಾರು 30 ಶೇಕಡಾದಲ್ಲಿ ಸೋಂಕಿನ ಗುರುತು ಸಿಕ್ಕಿತು. ಊರಿನ ಹೆಸರು ವೈರಸ್‌ಗೆ ಇಡುವುದಕ್ಕೆ ಅಲ್ಲಿನ ಜನ ಒಪ್ಪಲಿಲ್ಲ, ಕೊನೆಗೆ ಸ್ಪ್ಯಾನಿಷ್‌ನಲ್ಲಿ ‘ಸಿನ್ ನೊಂಬ್ರೆ’, ಅಂದರೆ ಹೆಸರಿಲ್ಲದ್ದು, ಅಂತಲೇ ಹೆಸರಾಯಿತು. ಇಲಿಗೂ ಇಂಥ ಕಾಯಿಲೆಗೂ ನಂಟಿದೆ, ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಬಾರದು ಅನ್ನುವ ತಿಳಿವು ನವಾಹೊ ಹಿರಿಯರಲ್ಲಿ ವಿಜ್ಞಾನಿಗಳು ಬರುವ ಮೊದಲೇ ಇತ್ತು. ಅವರ ಮಾತಿಗೆ ನನ್ನಲ್ಲಿ ಬಹಳ ಗೌರವ.

ಹೆದರಿ ಮನೆ ಮಾರಬೇಕಿಲ್ಲ. 1993ರಿಂದ 2022ರ ಕೊನೆಯವರೆಗೆ ಇಡೀ ಅಮೆರಿಕದಲ್ಲಿ ದಾಖಲಾದದ್ದು 864 ಪ್ರಕರಣ. ಬರುವುದು ಅಪರೂಪ. ಆದರೆ ಶ್ವಾಸಕೋಶಕ್ಕೆ ಇಳಿದರೆ ನೂರರಲ್ಲಿ ಸುಮಾರು 38 ಮಂದಿ ಉಳಿಯುವುದಿಲ್ಲ. ಅದಕ್ಕೇ ಇಷ್ಟು ಹೇಳುತ್ತಿರುವುದು.

ಈಗ ಕೆಲಸ. ಬಾಗಿಲು-ಕಿಟಕಿ ಎದುರುಬದುರು ತೆಗೆದಿಟ್ಟು ಹೊರಗೆ ಬನ್ನಿ, ಕನಿಷ್ಠ 30 ನಿಮಿಷ ಒಳಗೆ ಹೋಗಬೇಡಿ. ಫ್ಯಾನ್, ಹೀಟರ್ ಬ್ಲೋಯರ್ ಯಾವುದೂ ಹಾಕಬೇಡಿ. ಆ ಹೊತ್ತಿನಲ್ಲಿ ಬ್ಲೀಚ್ ನೀರು ಮಾಡಿಕೊಳ್ಳಿ: ಒಂದು ಗ್ಯಾಲನ್ ನೀರಿಗೆ ಒಂದೂವರೆ ಕಪ್ ಬ್ಲೀಚ್. ಸ್ಪ್ರೇ ಬಾಟಲಿಗೆ ಲೆಕ್ಕ ಬೇಕಾದರೆ 100 ಮಿ.ಲೀ. ಬ್ಲೀಚ್, 900 ಮಿ.ಲೀ. ತಣ್ಣೀರು. ‘ಸ್ಪ್ಲಾಶ್‌ಲೆಸ್’ ಅಂತ ಬರೆದಿರುವ ಮಂದ ಬ್ಲೀಚ್ ಬೇಡ, ಅದು ಬಟ್ಟೆ ಬಿಳುಪು ಮಾಡಲಿಕ್ಕೆ. ಪ್ರತಿದಿನ ಹೊಸದಾಗಿ ಕಲಸಿ, ನಿನ್ನೆಯದಕ್ಕೆ ಕಸುವು ಇರುವುದಿಲ್ಲ. ಟಾಯ್ಲೆಟ್ ಕ್ಲೀನರ್, ವಿನೆಗರ್, ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಯಾವುದನ್ನೂ ಇದಕ್ಕೆ ಸೇರಿಸಬೇಡಿ. ಏಳುವ ವಿಷದ ಗಾಳಿಯೇ ಪುಪ್ಪುಸ ಸುಡುತ್ತದೆ.

ರಬ್ಬರ್ ಇಲ್ಲವೇ ನೈಟ್ರೈಲ್ ಗ್ಲೌಸ್ ಹಾಕಿಕೊಂಡು ಬಾಗಿಲ ಕಡೆಯಿಂದ ಒಳಗೆ ಸಾಗಿ. ಸ್ಪ್ರೇಯನ್ನು ಬಿರುಸಿನ ಧಾರೆಯಾಗಿ ಹೊಡೆದರೆ ಹಿಕ್ಕೆ ಚದುರಿ ಧೂಳು ಏಳುತ್ತದೆ. ತುಸು ದೂರದಿಂದ ತುಂತುರಾಗಿ ಬಿಟ್ಟು, ಆಮೇಲೆ ಪೂರ್ತಿ ತೊಯ್ಯುವಷ್ಟು ಹಾಕಿ. ಐದು ನಿಮಿಷ ಗಡಿಯಾರ ನೋಡಿ ಬಿಡಿ. ಜೀರಿಗೆ ಗಾತ್ರದ ಆ ಕಾಳು ನೀರು ಕುಡಿದು ಮೆತ್ತಗಾಗಿರುತ್ತದೆ. ಪೇಪರ್ ಟವೆಲ್‌ನಲ್ಲಿ ಒತ್ತಿ ಎತ್ತಿ, ಉಜ್ಜಿ ಎಳೆಯಬೇಡಿ. ಚೀಲದಲ್ಲಿ ಹಾಕಿ ಗಂಟು ಕಟ್ಟಿ, ಅದನ್ನು ಇನ್ನೊಂದು ಚೀಲದಲ್ಲಿಟ್ಟು ಮತ್ತೆ ಗಂಟು ಕಟ್ಟಿ. ಸತ್ತ ಇಲಿಗೂ ಇದೇ ಕ್ರಮ. ಆಮೇಲೆ ಡ್ರಾಯರ್ ಒಳಗೆ, ಕೌಂಟರ್, ನೆಲ ಮತ್ತೊಮ್ಮೆ ಬ್ಲೀಚ್ ನೀರಿನಲ್ಲಿ ಒರೆಸಿ. ಸ್ಟೀಲ್ ಸಿಂಕ್‌ಗೆ ತಾಗಿದ್ದರೆ ಬರೀ ನೀರಿನಲ್ಲಿ ಒರೆಸಿಬಿಡಿ, ಇಲ್ಲದಿದ್ದರೆ ಚುಕ್ಕೆ ಬೀಳುತ್ತದೆ.

ಗೂಡು ಕಟ್ಟಿದ ಹಾಸಿಗೆ ಉಳಿಸಿಕೊಳ್ಳುವ ಯೋಚನೆ ಬೇಡ. ಗೂಡನ್ನು ನೆನೆಸಿ ಚೀಲಕ್ಕೆ ಹಾಕಿ, ಹಾಸಿಗೆ ತೊಯ್ಯಿಸಿ ಪ್ಲಾಸ್ಟಿಕ್ ಸುತ್ತಿ ಹೊರಗೆ ಸಾಗಿಸಿ. ಹೊದಿಕೆ, ದಿಂಬಿನ ಕವರ್ ಬಿಸಿನೀರಿನಲ್ಲಿ ಸೋಪು ಹಾಕಿ ಒಗೆದು ಡ್ರೈಯರ್‌ನಲ್ಲಿ ಹೆಚ್ಚಿನ ಬಿಸಿಯಲ್ಲಿ ಒಣಗಿಸಿ. ಒದ್ದೆ ಮಾಡಲಾಗದ ಪುಸ್ತಕಗಳನ್ನು ಹೊರಗೆ ಬಿಸಿಲಲ್ಲಿ ಹಲವು ಗಂಟೆ ಇಡಿ, ಅಥವಾ ಇಲಿ ಬಾರದ ಕೋಣೆಯಲ್ಲಿ ಒಂದು ವಾರ ಬಿಟ್ಟು ಆಮೇಲೆ ಬ್ಲೀಚ್ ನೀರಿನಲ್ಲಿ ಹಿಂಡಿದ ಬಟ್ಟೆಯಲ್ಲಿ ರಟ್ಟು ಒರೆಸಿ. ಪೆಟ್ಟಿಗೆಗಳನ್ನು ಎಸೆಯಿರಿ.

ಕೊನೆಗೆ ಗ್ಲೌಸ್ ಕೈಯಲ್ಲಿರುವಾಗಲೇ ಸೋಪಿನಲ್ಲಿ ತೊಳೆದು, ನಂತರ ಬಿಚ್ಚಿ, ಬರಿಗೈ ಮತ್ತೆ ತೊಳೆಯಿರಿ. ಈ ಕೊನೆಯ ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ.

ಸಹ್ಯಾದ್ರಿ_ಕಡೆಯವನು:

ಒಂದು ಸೇರ್ಪಡೆ. ಹೆಪಾ ಫಿಲ್ಟರ್ ಇರುವ ಶಾಪ್ ವ್ಯಾಕ್ಯೂಮ್ ಬಾಡಿಗೆಗೆ ಸಿಗುತ್ತದೆ. 0.3 ಮೈಕ್ರಾನ್ ಕಣವನ್ನು 99.97 ಶೇಕಡಾ ಹಿಡಿಯುತ್ತೆ. ಅದರಲ್ಲಿ ಎಳೆದುಬಿಟ್ಟರೆ ಒಂದೊಂದೇ ಒರೆಸುವ ಕಷ್ಟ ಇಲ್ಲ ಅಲ್ವಾ?

ಹೊಂಗೆನೆರಳು:

ಬೇಡ ಸರ್. ಫಿಲ್ಟರ್ ಹಿಡಿಯುವುದು ಒಳಗೆ ಹೋದದ್ದನ್ನು. ಬಾಯಿಯ ಬ್ರಷ್ ಮುಂದೆ ಕೆದರಿ ಏಳುವ ಧೂಳು ಒಳಗೆ ಹೋಗುವುದೇ ಇಲ್ಲ. ಕೊನೆಗೆ ಡಬ್ಬಿ ಬಿಚ್ಚಿ ಖಾಲಿ ಮಾಡುವಾಗ ಮುಖದ ಮುಂದೆಯೇ ಎಲ್ಲ ಪುಡಿ. ಬ್ಲೀಚ್‌ನಲ್ಲಿ ನೆನೆಸಿ ಎತ್ತಿ ಒರೆಸಿ ಒಣಗಿದ ಮೇಲೆ ವ್ಯಾಕ್ಯೂಮ್ ಹಾಕಿಕೊಳ್ಳಿ, ಅದಕ್ಕೆ ಅಡ್ಡಿಯಿಲ್ಲ. ನೆನೆಸುವ ಮೊದಲು ಯಾವ ಯಂತ್ರವೂ ಬೇಡ. ಲೀಫ್ ಬ್ಲೋಯರ್, ಪ್ರೆಶರ್ ವಾಷರ್ ಇವಂತೂ ಬೇಡವೇ ಬೇಡ.

ಗಿರಿಸಾಲು:

ಹೊಂಗೆನೆರಳು ಅವರು ಹೇಳಿದ್ದೆಲ್ಲ ಸರಿ, ಆದರೆ ಅದಕ್ಕೂ ಮೊದಲಿನ ಕೆಲಸ ಒಂದಿದೆ. ಇಲಿ ಇನ್ನೂ ಒಳಗೆ ಓಡಾಡುತ್ತಿದ್ದರೆ ಇವತ್ತು ಒರೆಸಿದ ಡ್ರಾಯರ್‌ನಲ್ಲಿ ನಾಳೆ ಹೊಸ ಹಿಕ್ಕೆ. ಕೋಣೆಯ ಬಿಸಿಯಲ್ಲಿ ವೈರಸ್ ಎರಡು-ಮೂರು ದಿನ ಉಳಿಯುತ್ತದೆ, ಬಿಸಿಲಿಗೆ ಬೇಗ ಸಾಯುತ್ತದೆ, ತಣ್ಣಗೆ ಕತ್ತಲಿರುವ ಕ್ರಾಲ್ ಸ್ಪೇಸ್‌ನಲ್ಲಿ ಇನ್ನೂ ಹೆಚ್ಚು ಕಾಲ. ಹಾಗಾಗಿ ‘ಹಳೇ ಹಿಕ್ಕೆ, ಏನಾಗಲ್ಲ’ ಅಂತ ಕಣ್ಣಳತೆಯಲ್ಲಿ ತೀರ್ಮಾನ ಮಾಡಬೇಡಿ.

ಡೀರ್ ಮೌಸ್ ನುಗ್ಗಲು ಕಾಲಂಗುಲ ಸಂದು ಸಾಕು, ಪೆನ್ಸಿಲ್ ದಪ್ಪ. ಕೈಯಲ್ಲಿ ಪೆನ್ಸಿಲ್ ಹಿಡಿದು ಮನೆ ಸುತ್ತ ಒಂದು ಸುತ್ತು ಬನ್ನಿ, ಅದು ತೂರಿದ ಕಡೆಯೆಲ್ಲ ಸೀಮೆಸುಣ್ಣದ ಗುರುತು ಹಾಕಿ. ಇಂಥ ಮನೆಗಳಲ್ಲಿ ತಪ್ಪದೆ ಸಿಗುವ ಜಾಗ: ಸಿಂಕ್ ಕೆಳಗೆ ಪೈಪ್ ಗೋಡೆ ದಾಟುವ ತೂತು, ಗ್ಯಾಸ್ ಮತ್ತು ಡ್ರೈಯರ್ ಪೈಪಿನ ಸುತ್ತ, ಬಾಗಿಲ ಕೆಳಗಿನ ರಬ್ಬರ್ ಸವೆದ ಮೂಲೆ, ಕ್ರಾಲ್ ಸ್ಪೇಸ್‌ನ ಗಾಳಿಕಿಂಡಿ. ಸಣ್ಣ ತೂತಿಗೆ ಸ್ಟೀಲ್ ವೂಲ್ ಬಿಗಿಯಾಗಿ ತುರುಕಿ ಮೇಲೆ ಕಾಕ್ (ಸಂದು ಮುಚ್ಚುವ ಅಂಟು) ಹಾಕಿ. ಬರೀ ಫೋಮ್ ತುಂಬಿದರೆ ಒಂದೇ ರಾತ್ರಿಯಲ್ಲಿ ಕಡಿದು ದಾರಿ ಮಾಡಿಕೊಳ್ಳುತ್ತವೆ. ಗಾಳಿಕಿಂಡಿಗೆ ಕಾಲಂಗುಲ ಕಣ್ಣಿನ ತಂತಿ ಜಾಲರಿಯನ್ನು ಸ್ಕ್ರೂ ಹಾಕಿ ಕೂರಿಸಿ. ಕಿಟಕಿಗೆ ಹಾಕುವ ಸೊಳ್ಳೆಪರದೆ ತಡೆಯಲ್ಲ.

ಮುಚ್ಚಿದ ಮೇಲೆ ಬೋನು. ಮರದ ಸ್ನ್ಯಾಪ್ ಟ್ರ್ಯಾಪ್‌ಗೆ ಬಟಾಣಿ ಕಾಳಿನಷ್ಟು ಪೀನಟ್ ಬಟರ್ ಸಾಕು. ಹೆಚ್ಚು ಮೆತ್ತಿದರೆ ಅಂಚಿನಿಂದ ನೆಕ್ಕಿ ಹೋಗುತ್ತವೆ. ಆಹಾರ ಇಟ್ಟ ತುದಿ ಗೋಡೆಗೆ ತಾಗುವ ಹಾಗೆ, ಬೋನು ಗೋಡೆಗೆ ಅಡ್ಡಲಾಗಿ ಬರಬೇಕು, ಯಾಕೆಂದರೆ ಇಲಿ ಗೋಡೆ ಸವರಿಕೊಂಡೇ ಓಡುವುದು. ಅಂಟಿನ ಹಲಗೆ, ಜೀವಂತ ಹಿಡಿಯುವ ಪೆಟ್ಟಿಗೆ ಎರಡೂ ಬೇಡ: ಗಾಬರಿಗೆ ಉಚ್ಚೆ ಹೊಯ್ಯುತ್ತವೆ, ಆ ಉಚ್ಚೆಯಲ್ಲೇ ವೈರಸ್ ಇರುವುದು. ಒಂದು ವಾರ ಪೂರ್ತಿ ಒಂದೂ ಬೀಳದಿದ್ದರೆ ಒಳಗೆ ಉಳಿದಿಲ್ಲ ಅಂತ ಅರ್ಥ, ಆಗ ದೊಡ್ಡ ಕ್ಲೀನಿಂಗ್ ಮಾಡಿ. ನಿಮ್ಮ ಅತ್ತೆ-ಮಾವ ಬರಲು ಒಂದು ತಿಂಗಳಿದೆ, ಸಮಯ ಧಾರಾಳ. ಹೊರಗೆ ಸೌದೆ ರಾಶಿ ಮನೆಗೆ ತಾಗಿ ಇದ್ದರೆ 100 ಅಡಿ ದೂರಕ್ಕೆ, ನೆಲದಿಂದ ಒಂದಡಿ ಎತ್ತರಕ್ಕೆ ಸಾಗಿಸಿ. ಅಕ್ಕಿ-ಬೇಳೆಗೆ ನಮ್ಮ ಸ್ಟೀಲ್ ಡಬ್ಬಿಯಷ್ಟು ಒಳ್ಳೆಯದು ಯಾವುದೂ ಇಲ್ಲ. ಕಚ್ಚಿದ ಪ್ಯಾಕೆಟ್ ಒಂದನ್ನೂ ಉಳಿಸಬೇಡಿ.

ಕ್ರಾಲ್ ಸ್ಪೇಸ್‌ಗೆ ಮಾತ್ರ ಗ್ಲೌಸ್ ಸಾಲದು. ಅಷ್ಟು ಇಕ್ಕಟ್ಟಿನಲ್ಲಿ ಗಾಳಿಯಾಡುವುದಿಲ್ಲ, ತಲೆಯ ಮೇಲೆಯೇ, ಚಳಿ ತಡೆಯಲು ಹಾಕಿದ ಫೈಬರ್‌ಗ್ಲಾಸ್ ಹೊದಿಕೆಯಲ್ಲಿ ಗೂಡು. ಅತಿ ಸಣ್ಣ ಧೂಳನ್ನೂ ತಡೆಯುವ ಪಿ100 ಫಿಲ್ಟರ್ ಇರುವ, ಮೂಗು-ಬಾಯಿ ಮುಚ್ಚುವ ಅರ್ಧಮುಖದ ರೆಸ್ಪಿರೇಟರ್, ಕನ್ನಡಕ, ಮೈಮುಚ್ಚುವ ಕವರಾಲ್, ರಬ್ಬರ್ ಬೂಟು ಬೇಕು. ಗಡ್ಡ ಇದ್ದರೆ ರೆಸ್ಪಿರೇಟರ್ ಮುಖಕ್ಕೆ ಕೂರುವುದಿಲ್ಲ, ಬೋಳಿಸಲೇಬೇಕು. ಆಸ್ಪತ್ರೆಯ ನೀಲಿ ಮಾಸ್ಕ್ ಇಲ್ಲಿ ಲೆಕ್ಕಕ್ಕಿಲ್ಲ. ಇಡೀ ಹೊದಿಕೆಯೇ ಹಾಳಾಗಿದ್ದರೆ ದುಡ್ಡು ಕೊಟ್ಟು ಈ ಕೆಲಸ ಗೊತ್ತಿರುವವರಿಂದ ಮಾಡಿಸಿ ಅನ್ನುವುದೇ ನನ್ನ ಸಲಹೆ. ಗೋಡೆಯ ಒಳಪದರವನ್ನು ಹಗುರವಾಗಿ ಕಾಣಬೇಡಿ. 2012ರಲ್ಲಿ ಯೊಸೆಮಿಟಿ ಪಾರ್ಕ್‌ನಲ್ಲಿ 10 ಜನಕ್ಕೆ ಈ ಕಾಯಿಲೆ ಬಂದು ಮೂವರು ತೀರಿಕೊಂಡರು. ಹೆಚ್ಚಿನವರು ಉಳಿದುಕೊಂಡಿದ್ದದ್ದು ಎರಡು ಪದರದ ಗೋಡೆಯ ಟೆಂಟ್ ಕ್ಯಾಬಿನ್‌ಗಳಲ್ಲಿ. ಇಲಿ ಗೂಡು ಕಟ್ಟಿದ್ದು ಆ ಎರಡು ಪದರದ ನಡುವೆ, ಹೊರಗಿನಿಂದ ಏನೂ ಕಾಣುವ ಹಾಗಿರಲಿಲ್ಲ.

ಕಾರಿನ ವಿಷಯ: ಬ್ಲೋಯರ್ ಇನ್ನು ಹಾಕಲೇಬೇಡಿ. ಶೆಡ್‌ನಿಂದ ಬಿಸಿಲಿಗೆ ತಂದು ನಾಲ್ಕೂ ಬಾಗಿಲು ಅರ್ಧ ಗಂಟೆ ತೆರೆದಿಡಿ. ಗ್ಲೌಸ್ ಹಾಕಿ ಗ್ಲೋವ್‌ಬಾಕ್ಸ್ ಹಿಂದಿರುವ ಕ್ಯಾಬಿನ್ ಫಿಲ್ಟರ್‌ನ ಮುಚ್ಚಳ ತೆಗೆದರೆ ಬಹುಪಾಲು ಅಲ್ಲೇ ಗೂಡು ಇರುತ್ತದೆ. ತೊಯ್ಯಿಸಿ, ಐದು ನಿಮಿಷ ಬಿಟ್ಟು, ಫಿಲ್ಟರ್ ಸಮೇತ ಚೀಲಕ್ಕೆ. ಬಾನೆಟ್ ಒಳಗೆ ಮಾಡುವುದಾದರೆ ಎಂಜಿನ್ ತಣ್ಣಗಿರಬೇಕು, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿರಬೇಕು. ಅಲ್ಲಿ ಬ್ಲೀಚ್ ಬೇಡ, ವೈರ್ ತುದಿಗಳು ತುಕ್ಕು ಹಿಡಿಯುತ್ತವೆ. ಲೋಹ ತಿನ್ನದ ಡಿಸ್‌ಇನ್ಫೆಕ್ಟೆಂಟ್ ತಗೊಳ್ಳಿ, ಅದರ ಲೇಬಲ್‌ನಲ್ಲಿ ಹೇಳಿದಷ್ಟು ಹೊತ್ತು ನೆನೆಯಲು ಬಿಡಿ.

ರಾತ್ರಿಪಾಳಿ_ಐಸಿಯು:

ಗುಡಿಸಿಯಾದ ಮೇಲೆ ಏನು ಅನ್ನುವುದಕ್ಕೆ ಉತ್ತರ. ಮೊದಲೇ ನುಂಗಿ ತಡೆಯುವ ಮಾತ್ರೆ ಇಲ್ಲ. ಡಾಕ್ಸಿಸೈಕ್ಲಿನ್ ಬ್ಯಾಕ್ಟೀರಿಯಾದ ಔಷಧ, ಇದು ವೈರಸ್. ವೈರಸ್ ವಿರುದ್ಧದ ಔಷಧ ರೈಬವಿರಿನ್ ಕೊಟ್ಟು ನೋಡಿದ್ದಾರೆ, ಶ್ವಾಸಕೋಶದ ಈ ರೂಪಕ್ಕೆ ಪ್ರಯೋಜನ ಕಾಣಲಿಲ್ಲ. ಲಸಿಕೆಯೂ ಇಲ್ಲ. ಈಗ ಜ್ವರ ಇಲ್ಲದಿದ್ದರೆ ರಕ್ತ ಪರೀಕ್ಷೆಯಿಂದಲೂ ಏನೂ ತಿಳಿಯುವುದಿಲ್ಲ. ಹತ್ತು ನಿಮಿಷ ಗುಡಿಸಿದವರಲ್ಲಿ ಬಹುತೇಕ ಎಲ್ಲರಿಗೂ ಏನೂ ಆಗುವುದಿಲ್ಲ ಅನ್ನುವುದೂ ನಿಜ.

ಮಾಡಬೇಕಾದ್ದು ಎಣಿಕೆ. ಸೋಂಕು ತಗುಲಿದ್ದರೆ ಲಕ್ಷಣ ಶುರುವಾಗಲು 1ರಿಂದ 8 ವಾರ ಬೇಕು. ಭಾನುವಾರದ ತಾರೀಖು ಕ್ಯಾಲೆಂಡರ್‌ನಲ್ಲಿ ಬರೆದು ಎಂಟು ವಾರ ಮುಂದಕ್ಕೆ ಗುರುತು ಹಾಕಿ. ಅಷ್ಟರೊಳಗೆ ಜ್ವರ, ಚಳಿ, ವಿಪರೀತ ಸುಸ್ತು, ತೊಡೆ-ಸೊಂಟ-ಬೆನ್ನು-ಭುಜದಂಥ ದೊಡ್ಡ ಸ್ನಾಯುಗಳಲ್ಲಿ ನೋವು ಬಂದರೆ ‘ಫ್ಲೂ ಇರಬಹುದು’ ಅಂತ ಕಷಾಯ ಕುಡಿದು ಮಲಗಬೇಡಿ. ಸುಮಾರು ಅರ್ಧದಷ್ಟು ಜನಕ್ಕೆ ವಾಂತಿ, ಭೇದಿ, ಹೊಟ್ಟೆನೋವೂ ಇರುತ್ತದೆ, ಅದರಿಂದ ‘ಊಟದಲ್ಲಿ ಏನೋ ವ್ಯತ್ಯಾಸ’ ಅಂತ ಎಲ್ಲರೂ ಮೋಸ ಹೋಗುತ್ತಾರೆ. ಮೂಗು ಸುರಿಯುವುದು, ಗಂಟಲು ಕೆರೆತ ಸಾಮಾನ್ಯವಾಗಿ ಇರುವುದಿಲ್ಲ. ನಾಲ್ಕರಿಂದ ಹತ್ತು ದಿನ ಹೀಗೆ ಕಳೆದು ಒಣಕೆಮ್ಮು, ಏದುಸಿರು ಶುರುವಾದರೆ ಮುಂದಿನದು ದಿನದ ಲೆಕ್ಕವಲ್ಲ, ಗಂಟೆಯ ಲೆಕ್ಕ.

ಆಸ್ಪತ್ರೆಗೆ ಹೋದ ತಕ್ಷಣ ಮೊದಲ ಮಾತು ಇದಾಗಿರಲಿ: ‘ಇಂಥ ತಾರೀಖು ಡೀರ್ ಮೌಸ್ ಹಿಕ್ಕೆ ಗುಡಿಸಿದ್ದೇನೆ, ಹಂಟಾವೈರಸ್ ನೋಡಿ.’ ನೀವು ಹೇಳದಿದ್ದರೆ ಅವರಿಗೆ ಹೊಳೆಯುವುದು ಕಷ್ಟ, ಏಕೆಂದರೆ ಆರಂಭದಲ್ಲಿ ಎಕ್ಸ್‌ರೇ ಸ್ವಚ್ಛವಾಗಿಯೇ ಇರಬಹುದು. ಬೇಗ ಸುಳಿವು ಕೊಡುವುದು ಸಾಮಾನ್ಯ ರಕ್ತದ ಎಣಿಕೆ. ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಕೆಳಗೆ ಇಳಿಯುತ್ತದೆ, 12 ಗಂಟೆ ಬಿಟ್ಟು ಮತ್ತೆ ನೋಡಿದರೆ ಇನ್ನೂ ಇಳಿದಿರುತ್ತದೆ. ಗಾಜಿನ ಮೇಲೆ ಹರಡಿದ ರಕ್ತದಲ್ಲಿ ಎಳೆಯ ಬಿಳಿಕಣಗಳು, ಆದರೆ ಬ್ಯಾಕ್ಟೀರಿಯಾ ಸೋಂಕಿನಲ್ಲಿ ಕಾಣುವ ಟಾಕ್ಸಿಕ್ ಗ್ರಾನ್ಯುಲೇಷನ್ (ಬಿಳಿಕಣದೊಳಗಿನ ಗಾಢ ಚುಕ್ಕೆಗಳು) ಇಲ್ಲ, ಲಿಂಫೋಸೈಟ್‌ಗಳಲ್ಲಿ 10 ಶೇಕಡಾಕ್ಕಿಂತ ಹೆಚ್ಚು ದಪ್ಪನೆಯ ಇಮ್ಯುನೊಬ್ಲಾಸ್ಟ್‌ಗಳು (ಸೋಂಕಿನ ವಿರುದ್ಧ ಎಚ್ಚೆತ್ತ ಕಣಗಳು), ಹಿಮಾಟೊಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಏರಿಕೆ. ಪ್ಲೇಟ್‌ಲೆಟ್ ಸೇರಿ ಈ ಐದರಲ್ಲಿ ನಾಲ್ಕು ಕೂಡಿದರೆ ಸೋಂಕು ಖಚಿತಪಡಿಸುವ ಐಜಿಎಂ ರಕ್ತಪರೀಕ್ಷೆಯ ವರದಿಗೆ ಕಾಯದೆ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ಲಕ್ಷಣ ಶುರುವಾದ 72 ಗಂಟೆಯೊಳಗೆ ಮಾಡಿದ ಪರೀಕ್ಷೆ ನೆಗೆಟಿವ್ ಬಂದರೆ ನಂಬಿ ಕೂರಬಾರದು, ಮತ್ತೆ ಮಾಡಿಸಬೇಕು.

ಡೆಂಗಿ ಕಂಡಿರುವ ನಮ್ಮವರಿಗೆ ಒಂದು ಎಚ್ಚರಿಕೆ. ಅಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ, ರಕ್ತನಾಳದಿಂದ ನೀರು ಸೋರುತ್ತದೆ, ಡ್ರಿಪ್ ಹಾಕಿ ಬದುಕಿಸುತ್ತಾರೆ. ಇಲ್ಲಿ ಸೋರುವುದು ಪುಪ್ಪುಸದ ಕಿರುನಾಳಗಳಿಂದಲೇ. ವೈರಸ್ ಆ ನಾಳದ ಗೋಡೆಯನ್ನು ಸಾಯಿಸುವುದಿಲ್ಲ, ಅದರ ಮೇಲೆ ನಮ್ಮ ದೇಹ ತೋರುವ ಪ್ರತಿಕ್ರಿಯೆಯಿಂದ ಗೋಡೆ ಸಡಿಲವಾಗುತ್ತದೆ. ಬಿಪಿ ಬಿದ್ದಿದೆ ಅಂತ ಲೀಟರ್‌ಗಟ್ಟಲೆ ಸಲೈನ್ ಏರಿಸಿದರೆ ಅದಷ್ಟೂ ಪುಪ್ಪುಸಕ್ಕೆ ಹೋಗಿ ತುಂಬುತ್ತದೆ. ಜೊತೆಗೆ ಹೃದಯದ ಪಂಪ್ ಸೋಲುತ್ತದೆ. ಹಾಗಾಗಿ ದ್ರವ ಅಳೆದು, ಹೃದಯಕ್ಕೆ ಬಲ ಕೊಡುವ ಔಷಧ ಬೇಗ, ಅದಕ್ಕೂ ಬಗ್ಗದಿದ್ದರೆ ಎಕ್ಮೋ, ಅಂದರೆ ರಕ್ತವನ್ನು ಹೊರಗೆ ತೆಗೆದು ಆಮ್ಲಜನಕ ಸೇರಿಸಿ ಮೈಗೆ ಮರಳಿಸುವ ಯಂತ್ರ. ಅಲ್ಬುಕರ್ಕಿಯ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಬೇರೆ ದಾರಿಯೇ ಇಲ್ಲದ 51 ರೋಗಿಗಳನ್ನು ಎಕ್ಮೋಗೆ ಹಾಕಿದಾಗ 34 ಮಂದಿ ಉಳಿದರು. ಈ ಗಂಡಾಂತರದ ಕೆಲವು ದಿನ ದಾಟಿಸಿದರೆ ಪುಪ್ಪುಸ ಆಶ್ಚರ್ಯವಾಗುವಷ್ಟು ಬೇಗ ಚೇತರಿಸಿಕೊಳ್ಳುತ್ತದೆ. ಎಕ್ಮೋ ಇರುವ ಊರಿಗೆ ಉಸಿರಾಟ ಕೆಡುವ ಮುನ್ನವೇ ತಲುಪಿರಬೇಕು, ಎಲ್ಲ ನಿಂತಿರುವುದು ಅದರ ಮೇಲೆ.

ಕಾಡುಮಲ್ಲಿಗೆ:

ಎಲ್ಲರಿಗೂ ತುಂಬ ಧನ್ಯವಾದ. ಎರಡು ಅನುಮಾನ. ಒಬ್ಬರಿಗೆ ಬಂದರೆ ಮಗುವಿಗೆ ಹರಡುತ್ತಾ? ಮೈಸೂರಿನ ಮನೆಯ ಅಟ್ಟದಲ್ಲೂ ಇಲಿ ಕಾಟ ಇದೆ, ಮಾವ ಪೊರಕೆಯಲ್ಲೇ ಗುಡಿಸೋದು. ಅವರಿಗೂ ಇದೇ ಅಪಾಯವಾ?

ತುಂಗಾತೀರ:

ಸಿನ್ ನೊಂಬ್ರೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಹರಡುವುದು ದಕ್ಷಿಣ ಅಮೆರಿಕದ ಆಂಡಿಸ್ ವೈರಸ್. 2018-19ರಲ್ಲಿ ಅರ್ಜೆಂಟೀನಾದ ಎಪುಯೆನ್ ಎಂಬ ಸಣ್ಣ ಊರಿನಲ್ಲಿ ಒಂದು ಹುಟ್ಟುಹಬ್ಬದ ಕೂಟದಿಂದ ಸರಪಳಿ ಹಬ್ಬಿ 34 ಜನಕ್ಕೆ ಬಂತು, 11 ಮಂದಿ ತೀರಿಕೊಂಡರು. ನಿಮ್ಮ ಬೆಟ್ಟದಲ್ಲಿ ಆ ವೈರಸ್ ಇಲ್ಲ. ಮಗುವನ್ನು ಕಾಯಬೇಕಾದ್ದು ಧೂಳಿನಿಂದ: ಕ್ಲೀನಿಂಗ್ ಮುಗಿಯುವವರೆಗೆ ಆ ಮನೆಗೆ ಕರೆದೊಯ್ಯಬೇಡಿ.

ಮೈಸೂರಿನ ಅಟ್ಟದಲ್ಲಿ ಡೀರ್ ಮೌಸ್ ಇಲ್ಲ, ಅದು ಉತ್ತರ ಅಮೆರಿಕದ ಪ್ರಾಣಿ. ಹಂಟಾ ಕುಟುಂಬದ ವೈರಸ್ ನಮ್ಮ ಕಡೆಯೂ ಸಿಕ್ಕಿದೆ ಅನ್ನುವುದು ನಿಜ: 1964ರಲ್ಲಿ ವೆಲ್ಲೂರಿನಲ್ಲಿ ಹಿಡಿದ ಮೂಗಿಲಿಯಲ್ಲಿ ಸಿಕ್ಕ ತೊಟ್ಟಪಾಳಯಂ ವೈರಸ್. ಆದರೆ ಅದರಿಂದ ಇಂಥ ಪುಪ್ಪುಸದ ಕಾಯಿಲೆ ಹಬ್ಬಿದ್ದಿಲ್ಲ. ಮಾವನವರು ಎಚ್ಚರ ವಹಿಸಬೇಕಾದ್ದು ಲೆಪ್ಟೊಸ್ಪೈರೋಸಿಸ್‌ಗೆ, ನಾವು ಇಲಿಜ್ವರ ಅನ್ನುವುದು ಅದನ್ನೇ. ಹೆಸರಿನಿಂದಲೇ ಗೊಂದಲ ಹುಟ್ಟುತ್ತದೆ, ನಿಮ್ಮ ಡಾಕ್ಸಿಸೈಕ್ಲಿನ್ ಪ್ರಶ್ನೆಯೂ ಅಲ್ಲಿಂದಲೇ ಬಂದದ್ದು. ಇಲಿಜ್ವರದ ಬ್ಯಾಕ್ಟೀರಿಯಾಕ್ಕೆ ಒದ್ದೆ ಬೇಕು: ಇಲಿ ಉಚ್ಚೆ ಬೆರೆತ ಗದ್ದೆ ನೀರು, ಚರಂಡಿ, ಮಳೆಗಾಲದ ಕೆಸರು, ಕಾಲಿನ ಗಾಯ, ಬಿರುಕಿನಿಂದ ಒಳಗೆ ಹೋಗುತ್ತದೆ. ಅದಕ್ಕೆ ಡಾಕ್ಸಿಸೈಕ್ಲಿನ್, ಪೆನಿಸಿಲಿನ್ ನಿಜವಾಗಿ ಕೆಲಸ ಮಾಡುತ್ತವೆ, ಬೇಗ ಕೊಟ್ಟಷ್ಟೂ ಒಳ್ಳೆಯದು. ಅಂಗಳದ ಕೆಸರಿಗೆ ಇಳಿಯುವಾಗ ಅವರು ಬೂಟು ಹಾಕಲಿ. ಅಟ್ಟವನ್ನೂ ಒದ್ದೆ ಮಾಡಿಯೇ ಒರೆಸಲಿ, ಅಂಗಡಿಯ ಬ್ಲೀಚಿಂಗ್ ಪೌಡರ್ ಆದರೆ ಲೀಟರ್ ನೀರಿಗೆ ಸುಮಾರು 15 ಗ್ರಾಂ, ಗ್ಲೌಸ್ ಹಾಕಿಕೊಂಡು. ಅಟ್ಟಕ್ಕೆ ಹಾಕಿದ ತಂತಿ, ಸ್ವಿಚ್ ಇದ್ದರೆ ಮೊದಲು ಮೇನ್ ಆಫ್ ಮಾಡಲಿ.

ರಾತ್ರಿಪಾಳಿ_ಐಸಿಯು:

ಕಾಡುಮಲ್ಲಿಗೆ ಅವರೇ, ಎಣಿಕೆಯ ಬಗ್ಗೆ ಒಂದು ತಿದ್ದುಪಡಿ. ಉಳಿದ ಕ್ಲೀನಿಂಗ್ ಯಾರು ಮಾಡುತ್ತಾರೋ ಅವರ ಎಂಟು ವಾರ, ಮಾಸ್ಕ್-ಗ್ಲೌಸ್ ಹಾಕಿದ್ದರೂ ಸರಿ, ಕೆಲಸ ಮುಗಿದ ಕೊನೆಯ ದಿನದಿಂದ ಹೊಸದಾಗಿ ಶುರು. ಭಾನುವಾರ ಗುಡಿಸಿದವರೇ ಮತ್ತೆ ಕೈಹಾಕಿದರೆ ಎರಡೂ ತಾರೀಖು ಬರೆದಿಡಿ, ಫೋನ್‌ನಲ್ಲಿ ಸಿಗುವ ಹಾಗೆ. ಜ್ವರ ಬಂದು ಮಾತಾಡಲಾರದೆ ಮಲಗಿದ್ದರೂ ಜೊತೆಗಿರುವವರು ಅದನ್ನು ಡಾಕ್ಟರಿಗೆ ತೋರಿಸಬಹುದು.